ಮನೆಯ ಮಾತು: ಅತ್ತೆಯವರ ‘ಉರಿ’

ಹೋದ ಸಂಚಿಕೆಯಲ್ಲಿ ನಾವು ಮಕ್ಕಳ ಕನ್ನಡದ ವಿಚಾರವಾಗಿ ನಾಲ್ಕು ಮಾತು ಬರೆದಿದ್ದೆವು. ಅದನ್ನೋದಿದ ಹಿರಿಯ ಮಿತ್ರರೊಬ್ಬರು, “ಮಕ್ಕಳಿಗೆ ಕನ್ನಡ ಬಾರದೆ ಹೋದೀತೆಂದು ಅಷ್ಟೊಂದು ಮರುಗುತ್ತೀರಲ್ಲ, ಕನ್ನಡವೊಂದನ್ನು ಬಿಟ್ಟು ಬೇರೇನೂ ಬಾರದ ಮುದುಕರ ಗತಿ ಏನೆಂದು ಯಾವಾಗಲಾದರೂ ಯೋಚಿಸಿದ್ದೀರಾ?” ಎಂದು ಕೇಳಿದರು. ಆ ಗಳಿಗೆಯಲ್ಲಿ ನಾವು ನಕ್ಕು ಸುಮ್ಮನಾದೆವು. ನಗುವ ಹಕ್ಕು ನಮಗಿರಲಿಲ್ಲ. ಅವರು ಕೇಳಿದ ಪ್ರಶ್ನೆಯ ಉತ್ತರ ನಮ್ಮ ಮನೆಯಲ್ಲೇ ನಡೆದುಹೋಗಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ, ಅಷ್ಟೆ. ನಮಗಾದದ್ದು ಇನ್ನೊಂದು ಮನೆಗೆ ಆಗದಿರಲಿ ಎಂಬ ಒಂದೇ ಆಸೆಯಿಂದ ಈಗ ಹೇಳುತ್ತೇವೆ.

ನಮ್ಮ ವಾಸ ಮೆಹದಿಪಟ್ಟಣಂನಲ್ಲಿ ಎಂಬುದು ಓದುಗರಿಗೆ ತಿಳಿದದ್ದೇ. ಇಲ್ಲಿಂದ ಆರಾಂಘರ್‌ವರೆಗೆ ತಲೆಯ ಮೇಲೆ ಹಾದುಹೋಗುವ ಪಿ. ವಿ. ನರಸಿಂಹರಾವ್ ಮೇಲುರಸ್ತೆ 2009ರಲ್ಲಿ ತೆರೆದಂದಿನಿಂದ ಈ ಕಡೆಯ ವಿಳಾಸವೆಲ್ಲ ಕಂಬದ ಸಂಖ್ಯೆಯ ಮೇಲೆಯೇ ನಡೆಯುತ್ತದೆ. “ಇಷ್ಟನೆಯ ಕಂಬದ ಹತ್ತಿರ” ಎಂದರೆ ಸಾಕು, ಆಟೋದವನು ತಂದು ನಿಲ್ಲಿಸುತ್ತಾನೆ. ರೈತು ಬಜಾರು ಹತ್ತಿರ. ಸರೋಜಿನಿದೇವಿ ಕಣ್ಣಾಸ್ಪತ್ರೆ ಹತ್ತಿರ. ಬೀದಿಯಲ್ಲಿ ಉರ್ದು, ತರಕಾರಿಯಂಗಡಿಯಲ್ಲಿ ತೆಲುಗು, ಮಕ್ಕಳ ಶಾಲೆಯಲ್ಲಿ ಇಂಗ್ಲಿಷು, ಬಾಗಿಲು ಹಾಕಿಕೊಂಡ ಮೇಲೆ ಕನ್ನಡ. ನಮ್ಮಂಥ ದುಡಿಯುವ ವಯಸ್ಸಿನವರಿಗೆ ಇದೊಂದು ಕಷ್ಟವೇ ಅಲ್ಲ. ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದ ಹಿರಿಯರಿಗೂ ಅಷ್ಟಾಗಿ ಕಷ್ಟವಿಲ್ಲ; 1956ರವರೆಗೆ ಹೈದರಾಬಾದು ಅವರ ಸೀಮೆಗೂ ರಾಜಧಾನಿಯಾಗಿತ್ತು. ಆದರೆ ನಮ್ಮ ಅತ್ತೆಯವರು ಶಿವಮೊಗ್ಗೆಯ ಕಡೆಯವರು. ಮಾವನವರು ತೀರಿಕೊಂಡ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಇಲ್ಲಿಗೆ ಬಂದವರು. ಬದನೆಕಾಯಿ ಕೊಳ್ಳುವಷ್ಟು ತೆಲುಗು ಕಲಿತರು. ಅದಕ್ಕಿಂತ ಹೆಚ್ಚಿನದು ಅವರಿಗೆ ಬೇಕಾಗಿರಲಿಲ್ಲ.

2023ರ ಬೇಸಗೆಗೆ ಮುಂಚೆ ಅವರು ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಮೂಳೆ ಮುರಿದಿರಲಿಲ್ಲವಾದರೂ ಒಬ್ಬರ ಆಸರೆಯಿಲ್ಲದೆ ಏಳುವಂತಿರಲಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಆದಕಾರಣ ಹಗಲು ಹೊತ್ತಿಗೆ ಖಮ್ಮಂ ಕಡೆಯ ಒಬ್ಬ ಹುಡುಗಿಯನ್ನು ಗೊತ್ತುಮಾಡಿಕೊಂಡೆವು. ಅವಳು ಕೆಲವು ವಾರಗಳ ತರಬೇತಿಯನ್ನೂ ಪಡೆದಿದ್ದಳು. ಜ್ವರ ನೋಡುವುದು, ರಕ್ತದೊತ್ತಡ ನೋಡುವುದು, ಹಾಸಿಗೆ ಬದಲಿಸುವುದು, ಮೈ ಒರೆಸುವುದು ಎಲ್ಲ ಅಚ್ಚುಕಟ್ಟು. ಇಂಥ ಹುಡುಗಿ ಸಿಕ್ಕಿದ್ದು ನಮ್ಮ ಪುಣ್ಯ ಎಂದುಕೊಂಡೆವು. ಆ ಮಾತನ್ನು ಇಂದಿಗೂ ಹಿಂದೆಗೆದುಕೊಳ್ಳುವುದಿಲ್ಲ.

ಮೊದಲನೆಯ ವಾರವೇ ಒಂದು ತಮಾಷೆ ನಡೆಯಿತು. ಸಂಜೆ ನಾವು ಮನೆಗೆ ಬರುವ ಹೊತ್ತಿಗೆ ಒಲೆಯ ಮೇಲೆ ಘಮಘಮಿಸುವ ಸೊಪ್ಪಿನ ಪಪ್ಪು ಸಿದ್ಧವಾಗಿತ್ತು. “ಅಮ್ಮ ಬೆಳಗಿನಿಂದ ಬಚ್ಚಲಿ, ಬಚ್ಚಲಿ ಎಂದು ಕೇಳುತ್ತಿದ್ದರು; ರೈತು ಬಜಾರಿಗೆ ಹೋಗಿ ತಂದೆ” ಎಂದಳು ಹುಡುಗಿ. ತೆಲುಗಿನಲ್ಲಿ ಬಚ್ಚಲಿ ಎಂದರೆ ನಮ್ಮ ಬಸಳೆ ಸೊಪ್ಪು. ಅತ್ತೆಯವರು ಕೇಳಿದ್ದು ಬಚ್ಚಲಿಗೆ ಕರೆದುಕೊಂಡು ಹೋಗು ಎಂದು! ಊಟಕ್ಕೆ ಕುಳಿತಾಗ ನಾವು, ಯಜಮಾನರು, ಮಕ್ಕಳು ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅತ್ತೆಯವರು ಮಾತ್ರ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ಅವಳು ಬಜಾರಿಗೆ ಹೋಗಿ ಬರುವವರೆಗೆ ಅವರು ಏನು ಮಾಡಿದರು, ಉಟ್ಟ ಸೀರೆಯ ಗತಿ ಏನಾಯಿತು ಎಂಬುದನ್ನು ನಾವು ಕೇಳಲಿಲ್ಲ.

ಆ ದಿನದಿಂದ ಅವರು ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ನೀರು ಕುಡಿದರೆ ತಾನೆ ಬಚ್ಚಲಿಗೆ ಹೋಗಬೇಕಾಗುವುದು? ಅದೂ ನಮಗೆ ಗೊತ್ತಾಗಲಿಲ್ಲ. ಹೈದರಾಬಾದಿನ ಏಪ್ರಿಲ್ ತಿಂಗಳ ಬಿಸಿಲು ಹೇಗಿರುತ್ತದೆಂದು ನಾವು ಇಲ್ಲಿ ವರ್ಣಿಸಬೇಕಾಗಿಲ್ಲ.

ಒಂದು ದಿನ ಸಂಜೆ ಬಂದು ನೋಡಿದರೆ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವೇ ಇಲ್ಲ. ಹುಡುಗಿ ನಮ್ಮನ್ನು ಅಡಿಗೆಮನೆಗೆ ಕರೆದು, ನಡುಗುವ ದನಿಯಲ್ಲಿ, “ಅಮ್ಮ ಉರಿ ಹಾಕಿಕೊಳ್ಳುವ ಮಾತಾಡುತ್ತಾರೆ. ಬೆಳಗಿನಿಂದ ಉರಿ ಉರಿ ಎಂದು ಅಳುತ್ತಿದ್ದಾರೆ. ಹಗ್ಗ ತೆಗೆದು ಅಟ್ಟದ ಮೇಲೆ ಇಟ್ಟಿದ್ದೇನೆ” ಎಂದಳು. ತೆಲುಗು ಬಲ್ಲ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೆಲುಗಿನ ‘ಉರಿ’ ನೇಣು.

ನಾವು ಆಗ ಮಾಡಬೇಕಾಗಿದ್ದುದು ಒಂದೇ ಕೆಲಸ. ಅತ್ತೆಯವರ ಬಳಿ ಕುಳಿತು, “ಅಮ್ಮಾ, ಏನಾಗುತ್ತಿದೆ?” ಎಂದು ಕನ್ನಡದಲ್ಲಿ ಕೇಳಬೇಕಾಗಿತ್ತು. ಅದನ್ನೇ ಮಾಡಲಿಲ್ಲ. ನೇಣು ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆ ಒಡೆದುಹೋಯಿತು. ಮಗನ ಮನೆಯಲ್ಲಿ ಅವರಿಗೆ ಅಷ್ಟು ಬೇಸರವಾಯಿತೆ ಎಂಬ ದುಃಖ, ಅಕ್ಕಪಕ್ಕದವರು ಏನೆಂದಾರು ಎಂಬ ಭಯ. ಆ ಮಾತನ್ನು ಅವರೆದುರಿಗೆ ಎತ್ತಲು ಯಜಮಾನರಿಗೂ ಧೈರ್ಯವಾಗಲಿಲ್ಲ, ನಮಗೂ ಆಗಲಿಲ್ಲ. ಮನೆಯಲ್ಲಿದ್ದ ಯಾವುದೋ ಹಳೆಯ ಚೀಟಿಯ ಮೇಲೆ ನಿದ್ದೆಯ ಮಾತ್ರೆ ತಂದು ಕೊಟ್ಟೆವು. ಅವರು ಮಲಗಿದರು. ಮರುದಿನ ಎದ್ದಾಗ ನಮ್ಮನ್ನು ತಮ್ಮ ತಂಗಿಯ ಹೆಸರಿನಿಂದ ಕರೆದರು. ಅದರ ಮರುದಿನ ಹಾಸಿಗೆಯಿಂದ ಏಳಲೇ ಇಲ್ಲ. “ವಯಸ್ಸಾಯಿತಲ್ಲ, ಬುದ್ಧಿ ಸ್ತಿಮಿತ ತಪ್ಪುತ್ತಿದೆ” ಎಂದು ನೋಡಲು ಬಂದವರು ಸಮಾಧಾನ ಹೇಳಿದರು. ನಾವೂ ಹಾಗೆಯೇ ನಂಬಿದೆವು.

ಮೂರನೆಯ ದಿನ ನಮ್ಮ ಮನೆಯ ವೈದ್ಯರು ಒಬ್ಬ ದಾದಿಯನ್ನು ಕಳುಹಿಸಿದರು. ವೃದ್ಧರ ಶುಶ್ರೂಷೆಯಲ್ಲೇ ಪ್ರತ್ಯೇಕವಾಗಿ ತರಬೇತಿ ಪಡೆದವಳು. ಅವಳೂ ತೆಲುಗಿನವಳೇ, ಕನ್ನಡದ ಒಂದಕ್ಷರವೂ ಬಾರದು. ಅವಳು ಮಾಡಿದ್ದನ್ನು ನಾವು ಬಾಗಿಲ ಬಳಿ ನಿಂತು ನೋಡಿದೆವು. ಮೊದಲು ಮಂಚದ ಪಕ್ಕಕ್ಕೆ ಮಣೆ ಎಳೆದುಕೊಂಡು, ಅತ್ತೆಯವರ ಕಣ್ಣಿನ ಮಟ್ಟಕ್ಕೆ ತನ್ನ ಕಣ್ಣು ಬರುವಂತೆ ಕುಳಿತಳು. ಕನ್ನಡಕ ಎಲ್ಲಿ ಎಂದು ಕೇಳಿ ಹಾಕಿಸಿದಳು. ಕಿವಿಯ ಯಂತ್ರ ಹುಡುಕಿಸಿ ಹಾಕಿಸಿದಳು. ಆ ನಾಲ್ಕು ದಿನವೂ ಅದು ಕಪಾಟಿನಲ್ಲೇ ಇತ್ತು! ಆಮೇಲೆ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ತಟ್ಟೆಯಲ್ಲಿ ಸುರಿಸಿ ಒಂದೊಂದನ್ನೂ ನೋಡಿದಳು. ನಿದ್ದೆಯ ಮಾತ್ರೆಯನ್ನು ಬೇರೆ ತೆಗೆದಿಟ್ಟಳು. ಈ ಬದಲಾವಣೆ ಯಾವ ದಿನದಿಂದ ಎಂದು ಕೇಳಿದಳು. ಕೊನೆಗೆ ಹುಡುಗಿಯನ್ನು ಕರೆದು, “ಅಮ್ಮ ಹೇಳಿದ್ದರ ಅರ್ಥ ಬೇಡ. ಅವರ ಬಾಯಿಂದ ಬಂದ ಮಾತು ಹೇಗಿತ್ತೋ ಹಾಗೆಯೇ ಹೇಳು. ಹೇಳುವಾಗ ಅವರ ಕೈ ಎಲ್ಲಿತ್ತು?” ಎಂದಳು.

ಹುಡುಗಿ ಸ್ವಲ್ಪ ಯೋಚಿಸಿ, “ಉರಿ ಆಗ್ತಿದೆ ಕಣೇ ಎಂದರು. ಕೈ ಕಿಬ್ಬೊಟ್ಟೆಯ ಮೇಲಿತ್ತು” ಎಂದಳು.

ದಾದಿ ನಮ್ಮ ಕಡೆಗೆ ತಿರುಗಿ, “ನಿಮ್ಮ ಭಾಷೆಯಲ್ಲಿ ಉರಿ ಎಂದರೆ ಏನು?” ಎಂದು ಕೇಳಿದಳು.

ಓದುಗರೇ, ನಾವು ನಿಂತಲ್ಲೇ ಕುಸಿದೆವು. ಮೂತ್ರದ ಸೋಂಕು. ಪರೀಕ್ಷೆಯಲ್ಲಿ ಅದೇ ಖಚಿತವಾಯಿತು. ವೈದ್ಯರ ಚಿಕಿತ್ಸೆ ನಡೆದು, ನಿದ್ದೆಯ ಮಾತ್ರೆ ನಿಂತು, ಹೊತ್ತುಹೊತ್ತಿಗೆ ನೀರು ಹೋಗತೊಡಗಿದ ಮೇಲೆ ಸುಮಾರು ಹತ್ತು ದಿನಗಳಲ್ಲಿ ಅತ್ತೆಯವರು ಮೊದಲಿನಂತಾದರು. ಬುದ್ಧಿ ಸ್ತಿಮಿತ ತಪ್ಪಿರಲಿಲ್ಲ. ಮುದುಕರಿಗೆ ಸೋಂಕು, ನೀರಿನ ಕೊರತೆ, ಹೊಂದದ ಔಷಧ ಇವುಗಳಿಂದ ಒಂದೆರಡು ದಿನಗಳಲ್ಲೇ ಇಂಥ ಗಲಿಬಿಲಿ ಉಂಟಾಗುವುದುಂಟು. ವೈದ್ಯರು ಇದನ್ನು ಡಿಲಿರಿಯಂ ಎನ್ನುತ್ತಾರೆ. ವರ್ಷಗಟ್ಟಲೆ ನಿಧಾನವಾಗಿ ಬರುವ ಮರೆವಿನ ರೋಗ ಬೇರೆ. ದಿಢೀರನೆ ಬರುವ ಈ ಗಲಿಬಿಲಿ ಬೇರೆ. ಇದಕ್ಕೆ ದೇಹದಲ್ಲಿ ಕಾರಣ ಹುಡುಕಬೇಕು, ಅದೂ ಬೇಗ ಹುಡುಕಬೇಕು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಆ ಹುಡುಗಿ ತಪ್ಪು ಮಾಡಿದಳೆಂದು ಯಾರೂ ತಿಳಿಯಬಾರದು. ಮುದುಕರ ಬಾಯಿಂದ ನಿಜವಾಗಿಯೂ ಸಾವಿನ ಮಾತು ಬಂದರೆ ಅದನ್ನು ಎಂದಿಗೂ ಹಗುರವಾಗಿ ಎಣಿಸಬಾರದು. ಹಗ್ಗ ತೆಗೆದಿಟ್ಟದ್ದೂ ಸರಿ, ನಮಗೆ ಹೇಳಿದ್ದೂ ಸರಿ. ತಪ್ಪಿದವರು ನಾವು. ತಾಯಿಯ ಮಾತನ್ನು ತಾಯಿಯಿಂದ ಕೇಳದೆ ಅನುವಾದದಲ್ಲಿ ಕೇಳಿದೆವು.

ದಾದಿ ಹೊರಡುವಾಗ ನಾವು ಅವಳಿಗೆ ಕಾಫಿ ಕೊಟ್ಟು, “ಇದನ್ನೆಲ್ಲ ಎಲ್ಲಿ ಕಲಿತೆಯಮ್ಮಾ?” ಎಂದು ಕೇಳಿದೆವು. ಅವಳು ಹೇಳಿದ್ದು ನಮಗೆ ಹೊಸ ಲೋಕವನ್ನೇ ತೋರಿಸಿತು. ಅವಳ ತರಬೇತಿಯಲ್ಲಿ ಪುಸ್ತಕಕ್ಕಿಂತ ಮೊದಲು ಮುದುಕಿಯಾಗುವ ಪಾಠ ನಡೆಯಿತಂತೆ. ಮಂಜು ಕವಿದಂತಹ ಕನ್ನಡಕ ಹಾಕಿಸಿ, ಕಿವಿಗೆ ಹತ್ತಿ ತುರುಕಿ, ದಪ್ಪ ಕೈಚೀಲ ತೊಡಿಸಿ, ಮೊಣಕಾಲಿಗೆ ಪಟ್ಟಿ ಬಿಗಿದು, “ಈಗ ಈ ಮಾತ್ರೆಯ ಹಾಳೆ ಬಿಡಿಸು, ಈ ಚೀಟಿ ಓದು, ಬಚ್ಚಲಿಗೆ ಹೋಗಿ ಬಾ” ಎನ್ನುತ್ತಿದ್ದರಂತೆ. ಒಬ್ಬಳು ಮಂಚದ ಮೇಲೆ ಮಲಗಬೇಕು, ಇನ್ನೊಬ್ಬಳು ಅವಳಿಗೆ ಗಂಜಿ ಕುಡಿಸಬೇಕು. “ಚಮಚ ಬೇಗಬೇಗ ಬಾಯಿಗೆ ಬಂದರೆ ಎಷ್ಟು ಹೆದರಿಕೆಯಾಗುತ್ತದೆಂದು ಆವತ್ತು ಗೊತ್ತಾಯಿತು” ಎಂದಳು. ಬೇರೆ ದೇಶಗಳ ವೈದ್ಯಶಾಲೆಗಳಲ್ಲಿ ಮುಪ್ಪಿನ ಉಡುಪೆಂದೇ ಭಾರ ಕಟ್ಟಿದ ಅಂಗಿಗಳನ್ನು ಇದಕ್ಕಾಗಿ ಹೊಲಿಸಿಟ್ಟಿರುತ್ತಾರೆ. ಅಮೆರಿಕದ ಕೆಲವು ವೈದ್ಯ ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗೆ ಒಬ್ಬ ಆರೋಗ್ಯವಂತ ಮುದುಕರನ್ನೇ ಗುರುವಾಗಿ ಗೊತ್ತುಮಾಡುತ್ತಾರೆ. ರೋಗವನ್ನು ಕಾಣುವುದಕ್ಕೆ ಮೊದಲು ಅವನು ಮನುಷ್ಯನನ್ನು ಕಾಣಲಿ ಎಂದು.

ಇನ್ನೊಂದು ಸೂತ್ರವನ್ನೂ ಅವಳು ಹೇಳಿಕೊಟ್ಟಳು. ಅಮೆರಿಕದಲ್ಲಿ 2017ರಿಂದ ಆಸ್ಪತ್ರೆಗಳಲ್ಲಿ ಹರಡುತ್ತಿರುವ ಸೂತ್ರವದು. ಇಂಗ್ಲಿಷಿನಲ್ಲಿ ನಾಲ್ಕೂ ಎಂ ಅಕ್ಷರದಿಂದ ಆರಂಭವಾಗುತ್ತವೆಯಾದ್ದರಿಂದ ನಾಲ್ಕು ಎಂ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ: ಈ ಹಿರಿಯರಿಗೆ ಯಾವುದು ಮುಖ್ಯ? ತೆಗೆದುಕೊಳ್ಳುತ್ತಿರುವ ಮಾತ್ರೆಗಳೇನು? ಮನಸ್ಸು ಹೇಗಿದೆ? ಮೈ ಓಡಾಡುತ್ತಿದೆಯೆ? ಮನೆಗೆ ಕಾಲಿಟ್ಟ ಕೂಡಲೆ ಈ ನಾಲ್ಕನ್ನು ಕೇಳಬೇಕು. ಅಂದು ಅವಳು ಕೇಳಿದ್ದೂ ಅವನ್ನೇ.

ಅವಳು ಹೋದ ಮೇಲೆ ನಾವು ಈ ವಿಷಯವನ್ನು ಅಷ್ಟಿಷ್ಟು ಓದಿದೆವು. ವೃದ್ಧರ ವೈದ್ಯಕ್ಕೆ ‘ಜೆರಿಯಾಟ್ರಿಕ್ಸ್’ ಎಂಬ ಹೆಸರು ಕೊಟ್ಟವರು ನ್ಯೂಯಾರ್ಕಿನ ಡಾಕ್ಟರ್ ಇಗ್ನಾಟ್ಜ್ ನ್ಯಾಷರ್. 1909ರಲ್ಲಿ. ಅವರು ವಿದ್ಯಾರ್ಥಿಯಾಗಿದ್ದಾಗ ಬಡವರ ಆಶ್ರಮವೊಂದರಲ್ಲಿ ಒಬ್ಬ ಮುದುಕಿ ನೋವೆಂದು ಹೇಳಿಕೊಂಡಳಂತೆ. ಅದು ಮುಪ್ಪು, ಮಾಡುವಂಥದೇನೂ ಇಲ್ಲ ಎಂದು ಗುರುಗಳು ಮುಂದೆ ನಡೆದರಂತೆ. ಆ ಉತ್ತರ ನ್ಯಾಷರ್ ಅವರಿಗೆ ಒಪ್ಪಿಗೆಯಾಗಲಿಲ್ಲ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಪಕ್ಕದ ಬಡವರ ಆಶ್ರಮದ ರೋಗಿಗಳನ್ನು ವಹಿಸಿಕೊಂಡಾಗ, ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ನೂರಾರು ಮುದುಕರನ್ನು ಡಾಕ್ಟರ್ ಮಾರ್ಜರಿ ವಾರೆನ್ ಎಂಬ ಮಹಿಳೆ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಮುಪ್ಪು ಎಂದು ಬಿಟ್ಟುಬಿಟ್ಟಿದ್ದ ಎಷ್ಟೋ ಜನ ಎದ್ದು ನಡೆದರು. ಹಲವರು ಮನೆಗೂ ಮರಳಿದರು. ವೃದ್ಧವೈದ್ಯವೆಂಬುದು ಬೆಳೆದದ್ದೇ ಹೀಗೆ, ವಯಸ್ಸಾಯಿತು ಎಂಬ ಉತ್ತರವನ್ನು ಒಪ್ಪದವರಿಂದ. ಹಾಗಿರುವಾಗ ನಮ್ಮ ಮನೆಯಲ್ಲಿ ನಾವು ಆ ಉತ್ತರವನ್ನು ಒಪ್ಪಿ ಮೂರು ದಿನ ಕಳೆದೆವಲ್ಲ!

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ದಾರಿ ತೋರಿದ್ದು ಮದರಾಸು. ಅಲ್ಲಿಯ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾಕ್ಟರ್ ವಿ. ಎಸ್. ನಟರಾಜನ್ ಅವರು 1978ರಲ್ಲಿ ವೃದ್ಧರಿಗೇ ಪ್ರತ್ಯೇಕ ಹೊರರೋಗಿ ವಿಭಾಗ ತೆರೆದರು. 1996ರಲ್ಲಿ ಮದರಾಸು ವೈದ್ಯ ಕಾಲೇಜಿನಲ್ಲಿ ಇದೇ ವಿಷಯದಲ್ಲಿ ಎಂ.ಡಿ. ವ್ಯಾಸಂಗ ಆರಂಭವಾಯಿತು. ಕೇಂದ್ರ ಸರಕಾರ ವೃದ್ಧರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮ ಹಾಕಿಕೊಂಡದ್ದು 2010–11ರಲ್ಲಿ. ಜಿಲ್ಲಾಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ದಾದಿಯರಿಗೆ ತರಬೇತಿ ಕೊಡುವುದೂ ಅದರ ಒಂದು ಅಂಗ. ನಮ್ಮ ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 1998ರಿಂದ ಹಿರಿಯರ ಸೇವೆಯಲ್ಲಿದ್ದು, ಆರೈಕೆ ಮಾಡುವವರಿಗೂ ತರಬೇತಿ ನೀಡುತ್ತ ಬಂದಿದೆ. ನಿಮ್ಹಾನ್ಸ್ ಸಂಸ್ಥೆ ಊರೂರಿನ ವೈದ್ಯರನ್ನು ಬೆಂಗಳೂರಿಗೆ ಕರೆಸದೆ, ದೂರದೃಶ್ಯದ ಮೂಲಕವೇ ಒಂದೆಡೆ ಕೂಡಿಸಿ ಪಾಠ ನಡೆಸುತ್ತದೆ. ಒಬ್ಬ ವೈದ್ಯರು ತಮ್ಮ ರೋಗಿಯ ಕಥೆಯನ್ನು ಮುಂದಿಡುವುದು, ಎಲ್ಲರೂ ಸೇರಿ ಬಿಡಿಸುವುದು, ಇದು ಪದ್ಧತಿ. ಇದಕ್ಕೆ ಎಕೋ ಎಂದು ಹೆಸರು. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಇದನ್ನು ಆರಂಭಿಸಿದವರು ಡಾಕ್ಟರ್ ಸಂಜೀವ್ ಅರೋರಾ ಎಂಬ ಭಾರತೀಯರೇ.

ಕಾಸರಗೋಡಿನ ನಮ್ಮ ಬಂಧುಗಳು ಈ ವಿಷಯದಲ್ಲಿ ನಮಗಿಂತ ಅದೃಷ್ಟವಂತರು. ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನ ವೈದ್ಯರು ಕೆಲವರು ನೋವು ನಿವಾರಣೆಗೆಂದು ಆರಂಭಿಸಿದ ಸಂಘ ಮುಂದೆ ದೊಡ್ಡ ಚಳವಳಿಯಾಯಿತು. 2008ರಲ್ಲಿ ರಾಜ್ಯ ಸರಕಾರ ಅದನ್ನು ತನ್ನ ನೀತಿಯಾಗಿಯೇ ಸ್ವೀಕರಿಸಿತು. ಇಂದು ಅಲ್ಲಿ ಪಂಚಾಯತಿಯ ಕಡೆಯಿಂದ ತರಬೇತಿ ಪಡೆದ ದಾದಿ ಹಾಸಿಗೆ ಹಿಡಿದವರ ಮನೆಬಾಗಿಲಿಗೇ ಬರುತ್ತಾಳೆ. ಅವಳ ಜೊತೆಯಲ್ಲಿ ಊರಿನ ಸ್ವಯಂಸೇವಕರೂ ಬರುತ್ತಾರೆ. ಅಂಗಡಿಯವರು, ಮೇಷ್ಟರುಗಳು, ಕೆಲಸದಿಂದ ನಿವೃತ್ತರಾದವರು. ಅವರಿಗೂ ತರಬೇತಿ ಉಂಟು. ರೋಗಿಯೊಡನೆ ಅವರದೇ ಮಾತಿನಲ್ಲಿ ಮಾತಾಡುವ ನೆರೆಯವನು ಶುಶ್ರೂಷೆಯ ಒಂದು ಅಂಗ ಎಂಬುದನ್ನು ಅಲ್ಲಿಯವರು ಕಂಡುಕೊಂಡಿದ್ದಾರೆ.

ಹೈದರಾಬಾದು ಹಿಂದುಳಿದಿದೆ ಎಂದಲ್ಲ. ಮೆಹದಿಪಟ್ಟಣಂಗೆ ಯಾರ ಹೆಸರಿದೆಯೆಂದು ಹೇಳುತ್ತಾರೋ ಆ ಮೆಹದಿ ನವಾಜ್ ಜಂಗ್ ಅವರು 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದವರು. ಅವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆ ರೆಡ್ ಹಿಲ್ಸ್‌ನಲ್ಲಿದೆ. ಅಲ್ಲಿ ಡಾಕ್ಟರ್ ಗಾಯತ್ರಿ ಪಾಲಟ್ ಮತ್ತವರ ಸಂಗಡಿಗರು ನೋವು ತಗ್ಗಿಸುವ ಉಪಶಾಮಕ ಶುಶ್ರೂಷೆಯನ್ನು ಬೆಳೆಸಿ, ವೈದ್ಯರಿಗೂ ದಾದಿಯರಿಗೂ ಅದರ ಶಿಕ್ಷಣ ಕೊಡುತ್ತ ಬಂದಿದ್ದಾರೆ. ತೆಲಂಗಾಣ ಸರಕಾರವೂ ‘ಆಲನ’ ಎಂಬ ಹೆಸರಿನಲ್ಲಿ ಜಿಲ್ಲೆಗಳಲ್ಲಿ ಇಂಥ ಕೇಂದ್ರಗಳನ್ನು ತೆರೆದು, ಮನೆಗೆ ಹೋಗಿ ನೋಡುವ ತಂಡಗಳನ್ನು ಕಳುಹಿಸುವ ಏರ್ಪಾಡು ಮಾಡಿತು. ಹಿರಿಯರಿಗಾಗಿ ದೇಶಕ್ಕೆಲ್ಲ ಒಂದೇ ದೂರವಾಣಿ ಸಂಖ್ಯೆ 14567 ಎಂದು 2021ರಲ್ಲಿ ಬಂದಿತಷ್ಟೆ. ಟಾಟಾ ಟ್ರಸ್ಟ್‌ನವರು ಆ ಸೇವೆಯನ್ನು ಮೊದಲು ಆರಂಭಿಸಿದ್ದು ಈ ಊರಿನಲ್ಲೇ.

ಇಲ್ಲಿಯದೇ ಇನ್ನೊಂದು ಸಂಗತಿ ನಮ್ಮ ಓದುಗರಿಗೆ ವಿಶೇಷ ಸಂತೋಷ ಕೊಟ್ಟೀತು. ಹೈದರಾಬಾದಿನ ನಿಜಾಮ್ಸ್ ವೈದ್ಯ ಸಂಸ್ಥೆಯಲ್ಲಿ ಡಾಕ್ಟರ್ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ರೋಗದ 648 ಮಂದಿಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವಿಷಯವದು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಬೀದಿಯಲ್ಲೊಂದು ಮನೆಯಲ್ಲೊಂದು ಭಾಷೆ ಆಡುವ ನಮ್ಮ ಬಾಳಿಗೆ ಇಂಥದೊಂದು ಲಾಭವೂ ಇರಬಹುದೆಂದಾಯಿತು. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಮರೆವಿನ ರೋಗ ಮುಂದುವರಿದಂತೆ ಹಲವರಲ್ಲಿ ನಡುವಯಸ್ಸಿನಲ್ಲಿ ಕಲಿತ ಭಾಷೆ ಮೊದಲು ಜಾರಿ, ತೊಟ್ಟಿಲಲ್ಲಿ ಕೇಳಿದ ಭಾಷೆ ಕೊನೆಯವರೆಗೆ ಉಳಿಯುವುದುಂಟು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆವಿನ ರೋಗವಿದೆ. ಅವರಲ್ಲಿ ಊರು ಬಿಟ್ಟು ಮಕ್ಕಳೊಡನೆ ಬಂದವರೂ ಇದ್ದಾರೆ. ನಾಳೆ ನಾವೂ ಆ ಸಾಲಿನಲ್ಲಿ ನಿಂತರೆ, ಇಂದು ಅರಳು ಹುರಿದಂತೆ ಆಡುವ ತೆಲುಗು, ಉರ್ದು, ಇಂಗ್ಲಿಷು ಒಂದೊಂದಾಗಿ ಕೈಬಿಟ್ಟಾವು. ಕನ್ನಡವೊಂದು ಉಳಿದೀತು. ಆಗ ನಮ್ಮ ಮಂಚದ ಪಕ್ಕದಲ್ಲಿ ಕುಳಿತವಳಿಗೆ ಅದು ತಿಳಿಯದಿದ್ದರೆ?

ತರಬೇತಿ ಎಷ್ಟು ಹೊಸದಾಗಿದ್ದರೂ ಅದರಲ್ಲಿ ಒಂದು ಪಾಠ ಬಿಟ್ಟುಹೋಗಿರುತ್ತದೆ. ಮುಪ್ಪು ಏನೆಂದು ಶಾಲೆಯಲ್ಲಿ ಕಲಿಸಬಹುದು. ನಮ್ಮ ಅತ್ತೆಯವರು ಯಾರು ಎಂಬುದನ್ನು ಯಾವ ಶಾಲೆಯೂ ಕಲಿಸಲಾರದು. ಅದನ್ನು ನಾವೇ ಕಲಿಸಬೇಕು. ನಾವಾದರೋ ಹುಡುಗಿಗೆ ಬೀಗದ ಕೈ ಎಲ್ಲಿದೆ, ಗ್ಯಾಸು ಹೇಗೆ ಹಚ್ಚುವುದು ಎಂಬುದನ್ನು ಹತ್ತು ನಿಮಿಷ ಹೇಳಿಕೊಟ್ಟು ಆಫೀಸಿಗೆ ಓಡಿದೆವು.

ಈಗ ನಮ್ಮ ಮನೆಯ ಗೋಡೆಯ ಮೇಲೆ ಒಂದು ಕಾಗದ ಅಂಟಿಸಿದ್ದೇವೆ. ನಲವತ್ತು ಕನ್ನಡ ಮಾತುಗಳನ್ನು ತೆಲುಗಿನ ಅಕ್ಷರದಲ್ಲಿ ಬರೆದು, ಎದುರಿಗೆ ತೆಲುಗಿನ ಅರ್ಥ ಬರೆದಿದೆ. ಉರಿ ಎಂದರೆ ಮಂಟ. ನೋವು ಎಂದರೆ ನೊಪ್ಪಿ. ಬಾಯಾರಿಕೆ ಎಂದರೆ ದಾಹಂ. ಬಚ್ಚಲು ಎಂದರೆ ಸೊಪ್ಪಲ್ಲ! ಸುಸ್ತು ಎಂಬುದನ್ನಂತೂ ಕೆಂಪು ಮಸಿಯಲ್ಲಿ ಬರೆದಿದ್ದೇವೆ. ಉರ್ದು ಬಲ್ಲವರ ಕಿವಿಗೆ ಅದು ಸೋಮಾರಿತನವಾಗಿ ಕೇಳುತ್ತದೆ. ಎದೆ ಸೋತು ಸುಸ್ತೆನ್ನುವ ಮುದುಕಿಯನ್ನು ಸೋಮಾರಿಯೆಂದು ಎಬ್ಬಿಸಿ ನಡೆಸಿದರೆ ಏನಾದೀತೆಂದು ಊಹಿಸಿಕೊಳ್ಳಿ. ಇನ್ನೊಂದು ಹಾಳೆಯಲ್ಲಿ ಅತ್ತೆಯವರ ವಿಷಯ ಬರೆದಿದ್ದೇವೆ. ಅವರನ್ನು ಏನೆಂದು ಕರೆಯಬೇಕು, ಎಡಗಿವಿ ಕೇಳುವುದಿಲ್ಲ, ಕಾಫಿ ಎರಡನೆಯ ಸಲ ಬಿಸಿ ಮಾಡಿದ್ದು ಆಗದು, ಬಚ್ಚಲಿನ ಮಾತನ್ನು ಗಂಡಸರೆದುರಿಗೆ ಆಡುವುದಿಲ್ಲ, ಎಂದಿನ ದಿನ ಅವರು ಹೇಗಿರುತ್ತಾರೆ, ಇಂಥವು. ಎಂದಿನ ದಿನ ಹೇಗೆಂದು ತಿಳಿದಿದ್ದರೆ ತಾನೆ ಬದಲಾದ ದಿನ ಗೊತ್ತಾಗುವುದು?

ಕಾರ್ಯಸಮಿತಿಯವರ ಮುಂದೆ ಒಂದು ಸಲಹೆಯನ್ನು ನಮ್ರವಾಗಿ ಇಡುತ್ತೇವೆ. ನಾಡಹಬ್ಬಕ್ಕೆ ನಾವು ಸಭಾಂಗಣ ಹಿಡಿಯುತ್ತೇವೆ, ನಾಟಕ ಆಡುತ್ತೇವೆ, ಕೋಸಂಬರಿ ಹಂಚುತ್ತೇವೆ. ಒಳ್ಳೆಯದೇ. ವರ್ಷಕ್ಕೊಂದು ಭಾನುವಾರ ನಮ್ಮ ಮನೆಗಳಲ್ಲಿ ದುಡಿಯುವ ಈ ಹುಡುಗಿಯರನ್ನೂ ನೆರೆಯ ಆಸ್ಪತ್ರೆಗಳ ದಾದಿಯರನ್ನೂ ಕರೆದು, ಊಟ ಹಾಕಿ, ಅರ್ಧ ದಿನ ಪಾಠ ಏಕೆ ನಡೆಸಬಾರದು? ಮೇಷ್ಟರನ್ನು ಹುಡುಕಬೇಕಾಗಿಲ್ಲ. ನಮ್ಮ ಹಿರಿಯರೇ ಇದ್ದಾರೆ. ನೋವಿಗೆ ಕನ್ನಡದಲ್ಲಿ ಎಷ್ಟು ಹೆಸರು! ಸೆಳೆತ, ಚುಚ್ಚು, ಹಿಡಿತ, ಉಳುಕು, ಜೋಮು, ಸಂಕಟ. ಇವನ್ನೆಲ್ಲ ಅಭಿನಯಿಸಿ ತೋರಿಸಲು ಅವರಿಗಿಂತ ಸಮರ್ಥರು ಯಾರಿದ್ದಾರೆ? ಹಾಸಿಗೆಯಲ್ಲಿ ಮಲಗಿ ಸೇವೆ ಮಾಡಿಸಿಕೊಳ್ಳುವವರೆಂದೇ ಎಣಿಸಿಬಿಟ್ಟಿದ್ದ ಜನ ಒಂದು ದಿನ ಗುರುಗಳಾಗಿ ಕುರ್ಚಿಯ ಮೇಲೆ ಕುಳಿತಂತೆಯೂ ಆಗುತ್ತದೆ. ಪಾಠದ ಕಡೆಯ ಒಂದು ಗಂಟೆ ಮನೆಯವರಿಗೆ ಮೀಸಲಾಗಿರಲಿ. ಕಲಿಯಬೇಕಾದವರಲ್ಲಿ ಮೊದಲಿಗರು ನಾವು.

ಇನ್ನೊಂದು ಮಾತು ಕಹಿಯಾದರೂ ಹೇಳಿಬಿಡುತ್ತೇವೆ. ನಾವು ಈ ಹುಡುಗಿಯರಿಂದ ಮಗಳ ಪ್ರೀತಿಯನ್ನು ಬಯಸುತ್ತೇವೆ. ವಾರದ ರಜೆ ಕೇಳಿದರೆ ಮುಖ ಗಂಟಿಕ್ಕುತ್ತೇವೆ. ಹನ್ನೆರಡು ಗಂಟೆ ದುಡಿದು ದಣಿದವಳಿಗೆ ಎಂಥ ತರಬೇತಿ ಕೊಟ್ಟರೂ ಮುದುಕರ ಕೈ ಎಲ್ಲಿತ್ತೆಂದು ಗಮನಿಸುವ ಶಕ್ತಿ ಉಳಿದಿರುವುದಿಲ್ಲ. ರಜೆ, ಮಲಗಲು ಸರಿಯಾದ ಜಾಗ, ಹೊತ್ತಿಗೆ ಸರಿಯಾದ ಸಂಬಳ ಇವೂ ಶುಶ್ರೂಷೆಯ ಭಾಗವೇ.

ಅತ್ತೆಯವರು ಈಗ ಕೋಲೂರಿಕೊಂಡು ಹಿತ್ತಲಿನವರೆಗೆ ನಡೆಯುತ್ತಾರೆ. ಹಗ್ಗ ತನ್ನ ಜಾಗದಲ್ಲಿ ಮತ್ತೆ ಕಟ್ಟಿದೆ, ಬಟ್ಟೆ ಒಣಗುತ್ತಿದೆ. ಭಾನುವಾರ ಹುಡುಗಿಗೆ ರಜೆ. ಸೋಮವಾರ ಬೆಳಿಗ್ಗೆ ಬಂದವಳೇ ಗೋಡೆಯ ಕಾಗದ ನೋಡದೆ, “ಉರಿ ಇದೆಯಾ ಅಮ್ಮಾ? ನೀರು ಕುಡಿದ್ರಾ?” ಎಂದು ಕೇಳುತ್ತಾಳೆ. ಅತ್ತೆಯವರು ಅವಳ ಉಚ್ಚಾರ ತಿದ್ದುತ್ತಾರೆ. ನಾವು ಕೆಲಸಕ್ಕೆ ಹೊರಡುವ ಮುನ್ನ ಐದು ನಿಮಿಷ ಅವರ ಮಂಚದ ಪಕ್ಕದಲ್ಲಿ ಕುಳಿತುಕೊಳ್ಳುತ್ತೇವೆ. ಮೊದಲು ಆ ಐದು ನಿಮಿಷ ನಮಗೆ ಎಲ್ಲಿಯೂ ಸಿಗುತ್ತಿರಲಿಲ್ಲ.

ಓದುಗರು ತಮ್ಮ ಮನೆಯ ಹಿರಿಯರು ಬೇನೆ ಬಂದಾಗ ಆಡುವ ಐದೈದು ಮಾತುಗಳನ್ನು ಅರ್ಥಸಹಿತ ಬರೆದು ಸಂಘದ ವಿಳಾಸಕ್ಕೆ ಕಳುಹಿಸಿಕೊಟ್ಟರೆ, ಎಲ್ಲವನ್ನೂ ಕೂಡಿಸಿ ತೆಲುಗು, ಉರ್ದುಗಳ ಅರ್ಥದೊಡನೆ ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕಿಸುವೆವು. ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಬಹುದು. ಧಾರವಾಡದ ಮಾತು, ಮಂಗಳೂರಿನ ಮಾತು, ಕಲಬುರಗಿಯ ಮಾತು ಎಲ್ಲವೂ ಬರಲಿ. ಬರೆಯುವ ಮೊದಲು ದಯವಿಟ್ಟು ಹಿರಿಯರನ್ನೇ ಕೇಳಿ ಬರೆಯಿರಿ.